ಮಾಮಾನ ಸಂಶಯ ಮತ್ತು ಶುರುವಾಗದ ಕಂಪ್ಯೂಟರ್

ನಮ್ಮ ಮಾಮಾ ಗೋಡೆಯ ಗಡಿಯಾರವನ್ನೂ ನಂಬುತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಬೇಡಿ! ಅಕ್ಕಲಕೋಟೆಯ ಅವರ ಮನೆಯಲ್ಲಿ ಮೂರು ಗಡಿಯಾರಗಳಿದ್ದವು. ಮೂರೂ ಬೇರೆ ಬೇರೆ ಹೊತ್ತು ತೋರಿಸಿದರೆ ಅವರಿಗೆ ನೆಮ್ಮದಿ. ಅಪ್ಪಿತಪ್ಪಿ ಎರಡು ಗಡಿಯಾರ ಒಂದೇ ಹೊತ್ತು ತೋರಿಸಿದವೋ, ಮಾಮಾ ಕನ್ನಡಕ ಏರಿಸಿ, "ಇವೆರಡೂ ಒಳಗೊಳಗ ಮಾತಾಡಿಕೊಂಡಾವ" ಎನ್ನುತ್ತಿದ್ದರು.

ಅವರನ್ನು ದೂರಿ ಏನು ಪ್ರಯೋಜನ? ನನ್ನ ತಾಯಿಯ ಅಣ್ಣನಾದ ಈ ಮಾಮಾ ಸರಕಾರಿ ನೌಕರಿಯಲ್ಲಿ ಆಯುಷ್ಯ ಕಳೆದದ್ದೇ ಹೊಲಗಳ ಕಾಗದಪತ್ರ ತಪಾಸಣೆಯಲ್ಲಿ. ಖೊಟ್ಟಿ ಸಹಿ, ಸತ್ತವರ ಹೆಬ್ಬೆಟ್ಟು, ಒಂದೇ ಹೊಲಕ್ಕೆ ನಾಲ್ಕು ಮಾಲಕರು! ನಿವೃತ್ತಿಯಾದ ಮೇಲೆ ಕಾಗದ ಬರುವುದು ನಿಂತಿತು, ಸಂಶಯ ನಿಲ್ಲಲಿಲ್ಲ. ಚಪಳಗಾಂವದಿಂದ ಹಾಲು ತರುವವನು ಒಂದು ದಿನ ನಗುನಗುತ್ತ ಹಾಲು ಹಾಕಿದ. "ಇವತ್ತ ನೀರ ಜಾಸ್ತಿ ಹಾಕ್ಯಾನ" ಎಂದರು. ಮರುದಿನ ಅವನು ಮುಖ ಗಂಟು ಹಾಕಿಕೊಂಡು ಬಂದ. "ಸಿಕ್ಕಬಿದ್ದೀನಿ ಅಂತ ಗೊತ್ತಾಗ್ಯದ ಮಗಂಗ!" ಬಡಪಾಯಿ ಯಾವ ಮುಖ ಹೊತ್ತುಕೊಂಡು ಬರಬೇಕು?

ಇಂಥವರ ಮನೆಯ ಪಡಸಾಲೆಯಲ್ಲಿ ನಾನು ಕಂಪ್ಯೂಟರ್ ಇಟ್ಟೆ. ಧೈರ್ಯ ಅಂದರೆ ನನ್ನದು!

ತೊಂಬತ್ತರ ದಶಕದ ನಡುವಿನ ಮಾತು. ಎರಡು ವರ್ಷ ಸಂಸಾರ ಮಾಡಿ, ಸಾಕಾಗಿ, ಗಂಡನ ಮನೆ ಬಿಟ್ಟು ಸೊಲ್ಲಾಪುರದ ತವರಿಗೆ ಬಂದಿದ್ದೆ. ಅಲ್ಲೇ ಒಂದು ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತೆ. ಅಪ್ಪನಿಗೆ ನಾನು ಸುಮ್ಮನೆ ಮನೆಯಲ್ಲಿ ಕೂತರೆ ಸಾಕಿತ್ತು. ಮಾಮಾ ಮಾತ್ರ, "ನನ್ನ ಪಡಸಾಲಿ ಖಾಲಿ ಅದ, ಬಾ" ಎಂದರು. ನನ್ನ ಬಳೆಗಳು ಹೋಗಿ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಬಂತು. ಗಡಿಯಾಚೆಯ ಊರಾದ ಅಕ್ಕಲಕೋಟೆಯಲ್ಲಿ ಮರಾಠಿ ಟೈಪಿಂಗ್ ಮಾಡುವವರು ಬೇಕಾದಷ್ಟಿದ್ದರು, ಕನ್ನಡ ಮಾಡುವವಳು ನಾನೊಬ್ಬಳೇ.

ಮೊದಲ ದಿನ ಮಾಮಾ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ನಾವು ಬರದದ್ದು ಎಲ್ಲಿ ಹೋಗ್ತದ ಯವ್ವಾ?"

"ಒಳಗ ಇರ್ತದ್ರಿ ಮಾಮಾ."

"ತೆಗದು ತೋರಸು."

"ಹಂಗ ಕೈಯಾಗ ತೆಗದು ತೋರಸಾಕ ಬರೂದಿಲ್ರಿ."

"ತೋರಸಾಕ ಬರೂದಿಲ್ಲ, ಆದ್ರ ಅದ! ಇಂಥಾ ಮಾತ ನಾ ಭಾಳ ಮಂದಿ ಬಾಯಾಗ ಕೇಳೀನಿ" ಎಂದು ಮೀಸೆಯಡಿ ನಕ್ಕರು.

ಆರು ತಿಂಗಳು ಲಗ್ನಪತ್ರಿಕೆ, ಅರ್ಜಿ ಎಂದು ಹೇಗೋ ನಡೆಯಿತು. ಆಮೇಲೆ ವಾಗದರಿ ಕಡೆಯ ಒಬ್ಬ ಹೆಡ್‌ಮಾಸ್ತರರು ಬಂದರು. ಸುತ್ತಲಿನ ಏಳೆಂಟು ಕನ್ನಡ ಶಾಲೆಗಳು ಸೇರಿ ಪರೀಕ್ಷೆಗೆ ಒಂದೇ ಬಗೆಯ ಪ್ರಶ್ನೆಪತ್ರಿಕೆಗಳನ್ನು ಮಾಡಿಸಲಿದ್ದವು. ಶನಿವಾರದೊಳಗೆ ಆಗಬೇಕು, ಗುಟ್ಟು ಹೊರಬೀಳಬಾರದು. ಈ ಕೆಲಸ ಚೆನ್ನಾಗಿ ಆದರೆ ವರ್ಷವಿಡೀ ಕೆಲಸ ನನಗೇ. ಕೆಟ್ಟರೆ? ಅಪ್ಪ ಆಗಲೇ ಕಾಗದ ಬರೆದಿದ್ದರು: "ಸಾಕು ಮಾಡು, ಮನೆಗೆ ಬಾ."

ಗುಟ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾಮಾನಿಗೆ ಹತ್ತು ವರ್ಷ ಪ್ರಾಯ ಇಳಿಯಿತು! ಕಿಟಕಿಗೆ ಮಾಮಿಯ ಹಳೆ ಸೀರೆ ಕಟ್ಟಿದರು. ಬಾಗಿಲಿಗೆ ಕುರ್ಚಿ ಹಾಕಿ ಕೂತರು. ನಾನು ಟೈಪ್ ಮಾಡುವಾಗ ಯಂತ್ರದ ಕಡೆ ಬೆನ್ನು.

"ಮಾಮಾ, ನೀವು ನೋಡಿದ್ರ ನಡೀತದ್ರಿ. ನೀವೇನು ಐದನೇ ಕ್ಲಾಸಿನ ಪರೀಕ್ಷಾ ಕೂಡಾವರೇನು?"

"ಬ್ಯಾಡ. ನನಗ ನನ್ನ ಮ್ಯಾಲೂ ಭರೋಸಾ ಇಲ್ಲ" ಎಂದರು.

ಬುಧವಾರದ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿಯಿತು. ಮೊದಲ ಪುಟಗಳನ್ನು ಹೆಡ್‌ಮಾಸ್ತರರಿಗೆ ತೋರಿಸಲು ಮಧ್ಯಾಹ್ನ ವಾಗದರಿಗೆ ಹೋಗಿ ಬಂದೆ. ಗುರುವಾರ ಮುಂಜಾನೆ ಗುಂಡಿ ಒತ್ತಿದರೆ ಹಸಿರು ದೀಪ ಹತ್ತಿತು, ಒಳಗಿನ ಫ್ಯಾನು ಗುಂಯ್ ಅಂದಿತು, ಪರದೆ ಮಾತ್ರ ಕಪ್ಪಗೆ ಕೂತಿತು. ಜೊತೆಗೆ ಒಂದು ಸದ್ದು: ಬೀಪ್, ಬೀಪ್, ಬೀಪ್. ನಿಲ್ಲಿಸುವ ಹೆಸರಿಲ್ಲ. ಎಲ್ಲ ಪತ್ರಿಕೆಗಳೂ ಅದರ ಹೊಟ್ಟೆಯಲ್ಲಿ!

"ಯಾರೋ ಏನೋ ಮಾಡ್ಯಾರ" ಎಂದರು ಮಾಮಾ.

ಆದರೆ ಒಂದು ಮಾತು ಒಪ್ಪಬೇಕು. ಕೆಟ್ಟ ಯಂತ್ರದ ಮುಂದೆ ಸಂಶಯದ ಮನುಷ್ಯನಷ್ಟು ಉಪಯೋಗಿ ಬೇರೆ ಯಾರೂ ಇಲ್ಲ. ನಾನು ಅಳುತ್ತ ಕೂತರೆ ಮಾಮಾ ತನಿಖೆಗೆ ಇಳಿದರು. ಮೊದಲ ಆರೋಪಿ ಗೋಡೆಯ ಪ್ಲಗ್ಗು. ಟೇಬಲ್ ಲ್ಯಾಂಪು ತಂದು ಚುಚ್ಚಿದರು, ಹತ್ತಿತು. "ಇವನ್ನ ಬಿಡು." ಎರಡನೆಯದು ವೈರು. ಮಾನಿಟರಿನ ವೈರು ಕಿತ್ತು ಕಂಪ್ಯೂಟರಿನ ಡಬ್ಬಿಗೆ ಹಾಕಿ, ಡಬ್ಬಿಯದ್ದು ಮಾನಿಟರಿಗೆ ಹಾಕಿ ನೋಡಿದರು. ಎರಡೂ ನಿರಪರಾಧಿಗಳು. ಮೂರನೆಯದು ಫ್ಯಾನು. ಬರೀ ಸದ್ದು ಮಾಡಿ ಮೋಸ ಮಾಡುತ್ತಿದೆಯೋ ಏನೋ ಎಂದು ಹಿಂದುಗಡೆ ಒಂದು ದಾರದ ಎಳೆ ಹಿಡಿದರು. ಎಳೆ ಅಲುಗಾಡಿತು.

"ಗಾಳಿ ಖರೇ ಅದ. ಅಂದ್ರ ಹೊಟ್ಟಿ ತನಕ ಕರೆಂಟ್ ಹೋಗ್ಯದ. ಕಳ್ಳ ಇನ್ನೂ ಒಳಗ ಇದ್ದಾನ."

ನಮ್ಮ ಕ್ಲಾಸಿನಲ್ಲಿ ಇಷ್ಟು ಕಲಿಸಿರಲಿಲ್ಲ!

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿರ್ಜೀವ ಆರೋಪಿಗಳು ಮುಗಿದ ಮೇಲೆ ಜೀವಂತ ಆರೋಪಿಗಳ ಪಾಳಿ ಬಂತು. ಮರಾಠಿ ಟೈಪಿಂಗಿನ ಎದುರುಮನೆಯವನು. ಹಾಲಿನವನು. ಕಪಾಟಿನ ಮೇಲೆ ಮಲಗುವ ಬೆಕ್ಕು. ಕೊನೆಗೆ ಮಾಮಿ!

"ನಿನ್ನಿ ಧೂಳ ಝಾಡಿಸಿದಾಕಿ ನೀನೇ ಅಲ್ಲ?"

ಮಾಮಿ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದರು. "ನಲವತ್ತ ವರ್ಷ ಆತು, ನಿಮ್ಮ ಬಾಯಿ ಬಂದ್ ಮಾಡೂದ ಆಗಿಲ್ಲ ನನ್ನ ಕೈಲಿ. ಅದನ್ನ ಹೆಂಗ ಬಂದ್ ಮಾಡ್ಲಿ?"

ಈ ಜಬಾಬಿನ ಮೇಲೆ ಮಾಮಿಯ ಖುಲಾಸೆಯಾಯಿತು.

ಸೊಲ್ಲಾಪುರಕ್ಕೆ ಒಯ್ಯುವುದೊಂದೇ ದಾರಿ. ಡಬ್ಬಿಯನ್ನು ಚಾದರಿನಲ್ಲಿ ಸುತ್ತಿ, ಹಗ್ಗ ಬಿಗಿದು, ಮಾಮಾ ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಪಕ್ಕದ ಸೀಟಿನ ಹೆಂಗಸು ಕೇಳಿದಳು, "ಏನದರೀ ಅಣ್ಣಾ ಅದರಾಗ?"

ಪ್ರಶ್ನೆಪತ್ರಿಕೆ ಇರುವ ಯಂತ್ರ ಎಂದು ಮಾಮಾ ಹೇಳುತ್ತಾರೆಯೇ? ಬಸ್ಸಿನಲ್ಲಿ ಯಾರ ಮಕ್ಕಳು ಯಾವ ಶಾಲೆಯವರೋ! ಥಟ್ಟನೆ, "ದೇವರು" ಎಂದರು.

ತಪ್ಪಾಯಿತು. ಅಕ್ಕಲಕೋಟೆಯಿಂದ ಹೊರಟ ಬಸ್ಸಿನ ತುಂಬ ಅಲ್ಲಿನ ಸ್ವಾಮಿಗಳ ಮಠದ ದರ್ಶನ ಮುಗಿಸಿದ ಭಕ್ತರು. ಆ ಹೆಂಗಸು ಕೈಮುಗಿದಳು. ಹಿಂದಿನವರು ಮುಂದಕ್ಕೆ ಬಾಗಿದರು. ಒಬ್ಬ ಅಜ್ಜಿ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು ಚಾದರಿನ ಮೇಲೆ ಏರಿಸತೊಡಗಿದಳು.

"ಬ್ಯಾಡ್ರಿ ಯವ್ವಾ! ಪುಡಿ ಒಳಗ ಹೋಗ್ತದ!" ಎಂದು ಮಾಮಾ ಚೀರಿದರು.

"ದೇವರಿಗಿ ಕುಂಕುಮ ಬ್ಯಾಡ? ಎಂಥಾ ದೇವರೋ ಮಾರಾಯಾ!" ಎಂದು ಅಜ್ಜಿ ಅವರನ್ನೇ ಸಂಶಯದಿಂದ ನೋಡಿದಳು. ಸೊಲ್ಲಾಪುರ ಬರುವ ತನಕ ಆಕೆ ಕಣ್ಣು ಕೀಳಲಿಲ್ಲ. ಮಾಮಾ ಜೀವನದಲ್ಲಿ ಮೊದಲ ಸಲ ತಲೆ ತಗ್ಗಿಸಿ ಕೂತದ್ದು ನೋಡಿದೆ.

ರಿಪೇರಿ ಅಂಗಡಿಯ ಮಿಸ್ತ್ರಿ ನಡುವಯಸ್ಸಿನವನು, ಮೊದಲು ರೇಡಿಯೋ ದುರಸ್ತಿ ಮಾಡುತ್ತಿದ್ದವನು. ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವ ಮಾತು. ಮಾಮಾ ಅವನೆದುರು ಸ್ಟೂಲು ಎಳೆದುಕೊಂಡು, ತೆಗೆದ ಪ್ರತಿ ಸ್ಕ್ರೂವನ್ನೂ ತಮ್ಮ ಅಂಗೈಗೆ ಇಸಿದುಕೊಂಡರು. ಆತ ಯಂತ್ರ ಚಾಲೂ ಮಾಡಿ, ಕಣ್ಣು ಮುಚ್ಚಿ ಬೀಪ್ ಸದ್ದು ಕೇಳಿದ.

"ಮೆಮರಿದು ತಕ್ರಾರ ಅದ ಸಾಹೇಬ್ರ. ರ‍್ಯಾಮ್ ಸಿಗವಲ್ದು ಅಂತ ವರಲಾಕತ್ತದ."

"ನೋಡದ ಹೆಂಗ ಹೇಳ್ತಿ?"

"ಕೂಸು ಅತ್ರ ತಾಯಿಗಿ ಗೊತ್ತಾಗೂದಿಲ್ಲೇನ್ರಿ, ಹಸಿವಿಗಿ ಅಳ್ತದೋ ಹೊಟ್ಟಿನೋವಿಗಿ ಅಳ್ತದೋ ಅಂತ?"

ಮಿಸ್ತ್ರಿ ಒಳಗಿಂದ ಬಾಚಣಿಗೆಯಷ್ಟುದ್ದದ ಹಸಿರು ಪಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಕೆಳಗಡೆ ಸಾಲಾಗಿ ಬಂಗಾರದ ಬಣ್ಣದ ಹಲ್ಲು. ಹಲ್ಲುಗಳ ಮೇಲೆ ಕೆಂಪು ಕಲೆ. ಮೂಸಿ ನೋಡಿದ.

"ಕಾಯ್ ಹೇ? ನೇಲ್ ಪಾಲಿಶ್! ಇದ್ಯಾರ ಕೆಲಸ ರೀ? ಹಲ್ಲಿಗಿ ಬಣ್ಣ ಬಡದು, ಸಡ್ಲ ಕೂಡಿಸ್ಯಾರ."

ನನಗೂ ಈಗ ಸಂಶಯ ಅಂಟಿತು. ಎದುರುಮನೆಯವನ ಹೆಂಡತಿಯೇ? ನಮ್ಮ ಮನೆಯಲ್ಲಂತೂ ಉಗುರಿಗೆ ಬಣ್ಣ ಹಚ್ಚುವವರಿಲ್ಲ. ಮಾಮಾನ ಕಡೆ ತಿರುಗಿದೆ. ಊರನ್ನೆಲ್ಲ ಸಂಶಯಿಸುವ ಮನುಷ್ಯ, ಈಗ ಯಾರ ಹೆಸರನ್ನೂ ಎತ್ತದೆ, ಅಂಗೈಯ ಸ್ಕ್ರೂಗಳನ್ನು ಎಣಿಸುತ್ತಿದ್ದರು!

"ಮಾಮಾ?"

"ಬುಧವಾರ" ಎಂದರು. "ನೀ ವಾಗದರಿಗಿ ಹೋದಾಗ."

"ನೀವು ಬಿಚ್ಚಿದ್ರೇನ್ರಿ?"

"ಬಳೀ ಅಂಗಡ್ಯಾಗ ಹೋಗಿ ಉಗುರಬಣ್ಣದ ಬಾಟ್ಲಿ ತಂದೆ. ಕೊಡೂವಾಗ ಅಂವ ನನ್ನ ಮಾರಿ ಹೆಂಗ ನೋಡಿದ ಅಂತಿ!"

ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅಪರಾಧಿ ಮುಂಜಾನೆಯಿಂದ ನನ್ನ ಪಕ್ಕದಲ್ಲೇ ಕೂತು ತನಿಖೆ ನಡೆಸಿದ್ದ! ಅಷ್ಟರಲ್ಲಿ ಮಿಸ್ತ್ರಿ ಟಾರ್ಚು ಹಚ್ಚಿ ಡಬ್ಬಿಯೊಳಗೆ ಇಣುಕುತ್ತಿದ್ದ.

"ಎಲ್ಲಾದರ ಮ್ಯಾಲೂ ಏನೋ ಬರದಾರಲ್ರಿ. ಹಾರ್ಡ್ ಡಿಸ್ಕ್ ಮ್ಯಾಲ, ಫ್ಯಾನಿನ ಮ್ಯಾಲ... ಇಲ್ಲೂ ಅದ. ನನಗ ಕನ್ನಡ ಓದಾಕ ಬರೂದಿಲ್ಲ. ನಿಮ್ಮ ಹೆಸರೇನ್ರಿ ಸಾಹೇಬ್ರ?"

ನಾನು ಬಾಗಿ ನೋಡಿದೆ. ಜಮೀನಿನ ಕಾಗದದ ಮೇಲೆ ಬರೆಯುವಂಥ ಸಣ್ಣ, ಗುಂಡನೆಯ ಅಕ್ಷರ. ನನ್ನ ಹೆಸರು. ಗಂಡನ ಹೆಸರಿಲ್ಲ, ಅಪ್ಪನ ಹೆಸರಿಲ್ಲ, ಅಡ್ಡಹೆಸರಿಲ್ಲ. ಪ್ರತಿಯೊಂದು ಭಾಗದ ಮೇಲೂ ಬರೀ ನನ್ನ ಹೆಸರು. ಆ ಹಸಿರು ಪಟ್ಟಿಯಲ್ಲಿ ಜಾಗ ಸಾಲದೆ ಕೊನೆಯ ಅಕ್ಷರ ಬಂಗಾರದ ಹಲ್ಲಿನ ಮೇಲೆ ಇಳಿದಿತ್ತು.

"ಯಾಕ್ರಿ ಮಾಮಾ?"

ಅವರು ಅಂಗೈಯ ಸ್ಕ್ರೂಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. ನಾನು ಗಂಡನ ಮನೆ ಬಿಟ್ಟ ಮೇಲೆ, ತವರಿನಿಂದ ಒಯ್ದಿದ್ದ ನನ್ನ ಹೊಲಿಗೆ ಮಷೀನ್ ತರಲು ಮಾಮಾ ಟೆಂಪೋ ತೆಗೆದುಕೊಂಡು ಅಲ್ಲಿಗೆ ಹೋಗಿದ್ದರು. ಖಾಲಿ ಟೆಂಪೋದಲ್ಲಿ ಬಂದದ್ದು ನನಗೆ ಗೊತ್ತಿತ್ತು. ಅಲ್ಲಿ ಏನು ಮಾತಾಯಿತೆಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಇದು ಆಕೀದು ಅಂತ ಇದರ ಮ್ಯಾಲ ಹೆಸರ ಅದ ಏನು, ಅಂದ್ರು. ನಲವತ್ತ ವರ್ಷ ಮಂದೀ ಕಾಗದ ನೋಡಿದಾಂವ ನಾ. ತೋರಸಾಕ ನನ್ನ ಕೈಯಾಗ ಏನೂ ಇರಲಿಲ್ಲ."

ಮಿಸ್ತ್ರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಹಲ್ಲಿನ ಮೇಲಿನ ಬಣ್ಣವನ್ನಷ್ಟೇ ಒರೆಸಿದ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದ. ಮೇಲಿನ ಅಕ್ಷರಗಳನ್ನು ಮುಟ್ಟಲಿಲ್ಲ. ಪಟ್ಟಿಯನ್ನು ಟಕ್ ಎಂದು ಕೂರಿಸಿ ಗುಂಡಿ ಒತ್ತಿದ. ಒಂದೇ ಒಂದು ಬೀಪ್. ಪರದೆ ಬೆಳಗಿತು. ಪತ್ರಿಕೆಗಳೆಲ್ಲ ಇದ್ದಲ್ಲೇ ಇದ್ದವು. ಉಳಿದ ಕಾಲು ಕೆಲಸವನ್ನು ಶುಕ್ರವಾರ ಮುಗಿಸಿದೆ, ಶನಿವಾರ ಮುಂಜಾನೆ ಅವು ಹೆಡ್‌ಮಾಸ್ತರರ ಕೈಸೇರಿದವು, ಮುಂದಿನ ಕೆಲಸವೂ ಬಂತು. ಅಪ್ಪನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ.

ರಿಪೇರಿಯಾದ ಆ ಗುರುವಾರ ಸಂಜೆ ವಾಪಸಾಗುವ ಬಸ್ಸಿನಲ್ಲಿ ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಕೂತೆವು. ಕಂಡಕ್ಟರ್ ಟಿಕೇಟು ಹರಿಯುತ್ತ ಬಂದು ನಮ್ಮ ಸೀಟಿನ ಹತ್ತಿರ ನಿಂತ. ಡಬ್ಬಿಯನ್ನು ಪೆನ್ಸಿಲ್ಲಿನಿಂದ ತಟ್ಟಿ, ಮಾಮಾನನ್ನು ನೋಡುತ್ತ ಕೇಳಿದ:

"ಹೇ ಸಾಮಾನ ಕುಣಾಚಂ?"

ಈ ಸಾಮಾನು ಯಾರದು? ಬಸ್ಸಿನಲ್ಲಿ ಯಾರು ಏನು ಕೇಳಿದರೂ ಮೊದಲು ಬಾಯಿ ಹಾಕುವ ಮಾಮಾ, ಕೇಳಿಸಲೇ ಇಲ್ಲವೆಂಬಂತೆ ಕಿಟಕಿಯ ಹೊರಗೆ ನೋಡತೊಡಗಿದರು. ಕಂಡಕ್ಟರ್ ಮತ್ತೊಮ್ಮೆ ಕೇಳಿದ. ಮಾಮಾ ಇನ್ನಷ್ಟು ಆಚೆ ತಿರುಗಿದರು.

ಅವರು ಯಾಕೆ ಸುಮ್ಮನಿದ್ದಾರೆಂದು ಆಗ ತಿಳಿಯಿತು.

"ಮಾಝಂ ಆಹೇ" ಎಂದೆ. ನನ್ನದು.