ಮೂರನೇ ನಂಬರಿನ ತೂಬು

ತಪ್ಪಾದರೆ ಕಂಪ್ಯೂಟರನ್ನು ಬೈಯುವುದು, ಸರಿಯಾದರೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದು ನನ್ನ ಹಳೆಯ ಚಾಳಿ. ಹಿರಿಯೂರಿನ ಕಡೆ ನೀರು ಬಳಕೆದಾರರ ಪುಟ್ಟ ಸಂಘವೊಂದರಲ್ಲಿ ನಾನು ಗುಮಾಸ್ತ. ಯಾರ ಹೊಲಕ್ಕೆ ಯಾವಾಗ ನೀರು ಎಂಬ ಸರದಿ ಪಟ್ಟಿಯನ್ನು ಕೈಯಲ್ಲಿ ಬರೆದು ಬರೆದು ಸಾಕಾಗಿ, ಅಲ್ಲಿ ಇಲ್ಲಿ ನೋಡಿ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನು ಬರೆದೆ. ಅದು ಕಾಲುವೆಯ ಫೈಲನ್ನು ತೆರೆದು ಸಾಲುಸಾಲಾಗಿ ಓದುತ್ತದೆ. ಕವಲು ಸಿಕ್ಕರೆ ತನ್ನನ್ನೇ ಮತ್ತೆ ಕರೆದು, ಆ ಕವಲಿನ ಫೈಲನ್ನು ಓದಿ ಮುಗಿಸಿ, ವಾಪಸು ಬಂದು ಮುಂದಿನ ಸಾಲಿಗೆ ಹೋಗುತ್ತದೆ. ಹೋಗಬೇಕು, ಅಷ್ಟೆ.

ಮರುದಿನ ಮಾರಿಕಣಿವೆ ಜಲಾಶಯದಿಂದ ನೀರು ಬಿಡುವುದಿತ್ತು. ಮಧ್ಯಾಹ್ನ ಮೂರಾದರೂ ನನ್ನ ಪಟ್ಟಿ ಮೊದಲನೇ ಕವಲಿಗೇ ಮುಗಿದುಹೋಗುತ್ತಿತ್ತು. ಅದರ ಮುಂದೆ ಬರಬೇಕಾದ ಆದಿವಾಲದವರ ಒಂದು ಹೆಸರೂ ಇಲ್ಲ. ಹೆಸರಿಲ್ಲದವರಿಗೆ ನೀರಿಲ್ಲ. ಆ ಊರಿನ ತೂಬು ತೆಗೆದು ಮುಚ್ಚುವ ನೀರಗಂಟಿ ತಿಪ್ಪೇಸ್ವಾಮಿ ಎದುರಿಗೇ ಕೂತಿದ್ದರು. ನನಗೆ ನಿಜಕ್ಕೂ ಭಯವಾಗಿತ್ತು.

“ಏನ್ಸಾರ್, ನಮ್ಮೂರು ಭೂಮಿ ಮ್ಯಾಲೆ ಐತೋ ಇಲ್ವೋ?”

“ಇರ್ರಿ, ಕಂಪ್ಯೂಟರಿಗೇ ಏನೋ ಆಗೈತೆ” ಎಂದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ದೂರು ಬರುತ್ತಲೇ ಇತ್ತು, ಆದರೆ ಅಂಥವನ್ನು ಓದುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ಹೊತ್ತು ಕಳೆಯಲು ಅವರಿಗೆ ಪಾಠ ಶುರುಮಾಡಿದೆ. ತೆರೆದ ಪ್ರತಿ ಫೈಲಿಗೂ ಒಂದು ನಂಬರು ಇರುತ್ತದೆ, ಓದುವುದೆಲ್ಲ ಆ ನಂಬರಿನ ಮೂಲಕವೇ. ಸೊನ್ನೆ, ಒಂದು, ಎರಡನ್ನು ಕಂಪ್ಯೂಟರು ಸ್ವಂತಕ್ಕೆ ಇಟ್ಟುಕೊಂಡಿರುತ್ತದೆ. ಅದಕ್ಕೇ ನಾನು ಮೂರನ್ನು ಹಿಡಿದಿದ್ದೇನೆ.

“ಕಾಲುವೆಗೆ ಮೂರು. ಕವಲಿಗೆ?” ಎಂದರು ತಿಪ್ಪೇಸ್ವಾಮಿ.

“ಅದಕ್ಕೂ ಮೂರೇ.”

“ಕವಲು ಓದಾದ ಮ್ಯಾಲೆ?”

“ಮೂರನ್ನ ಮುಚ್ಚಿಬಿಡುತ್ತೆ.”

ತಿಪ್ಪೇಸ್ವಾಮಿ ಹಣೆ ಚಚ್ಚಿಕೊಂಡರು. “ಅಲ್ರೀ ಸಾರ್, ಕವಲಿನೋನು ತನ್ನ ಹೊಲ ನೆಂದ ಮ್ಯಾಲೆ ದೊಡ್ಡ ಕಾಲುವೆ ತೂಬೇ ಮುಚ್ಕಂಡು ಹೋದ್ರೆ ಉಳಿದೋರು ಬಾಯಿ ಬಾಯಿ ಬಿಡೋದಾ? ನಾವು ಮುಚ್ಚೋಕ್ ಮುಂಚೆ ‘ಎಲ್ಲಾರ್ದೂ ಆಯ್ತೇನ್ರಪ್ಪೋ’ ಅಂತ ಕೂಗ್ತೀವಿ. ಒಬ್ಬೊಬ್ರಿಗೆ ಒಂದೊಂದು ತೂಬು ಕೊಡ್ರಿ.”

ಸ್ಕ್ರಿಪ್ಟ್ ತನ್ನನ್ನು ಕರೆದಾಗಲೆಲ್ಲ ಹೊಸದೊಂದು ನಂಬರು ಪಡೆಯುವಂತೆ ಎರಡು ಸಾಲು ತಿದ್ದಿದೆ. ಪ್ರಿಂಟರು ಗೊರಗೊರ ಎಂದು ಆದಿವಾಲದವರನ್ನೆಲ್ಲ ಹೊರಕ್ಕೆ ಹಾಕಿತು. ಕಣ್ಣಲ್ಲಿ ನೀರೇ ಬಂತು ನನಗೆ. ನನ್ನಂಥವನೂ ಕಲಿಯಬಲ್ಲ ಎಂಬ ಭರವಸೆ ಹುಟ್ಟಿತು.

ತಿಪ್ಪೇಸ್ವಾಮಿಗೆ ಒಂದು ಪ್ರತಿ ಕೊಟ್ಟೆ. ಅವರು ಮೂಲೆಯ ಬೆಂಚಿನಲ್ಲಿ ಕೂತು ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದತೊಡಗಿದರು. ಇನ್ನೊಂದನ್ನು ಹೊರಗಿನ ಬೋರ್ಡಿಗೆ ಅಂಟಿಸಿ, ಅದೇ ಖುಷಿಯಲ್ಲಿ ಬಾಗಿಲೆಳೆದು ಬೀಗ ಹಾಕಿ ಸ್ಕೂಟರ್ ಹತ್ತಿದೆ.

ಒಳಗಿನಿಂದ ಬಾಗಿಲು ದಬದಬ ಬಡಿದ ಸದ್ದು.

“ಸಾರ್, ತೆಗೀರಿ! ನಂದಿನ್ನೂ ಓದಾಗಿಲ್ಲ!”