ಮುತ್ತಿನಹಲ್ಲು ಡಾಟ್ ಕಾಮ್

ಚೀಟಿರಾಯನಿಗೆ ಬೆಳಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಮೊಬೈಲು ನೋಡುವ ಚಟ. ಸುದ್ದಿ ಓದುವುದಕ್ಕಲ್ಲ. ಅವನು ಇಂಟರ್ನೆಟ್ಟಿನಲ್ಲಿ ಐದು ಹೆಸರುಗಳನ್ನು ಕೊಂಡಿಟ್ಟಿದ್ದ. ತಲೆದಿಂಬು ಡಾಟ್ ಕಾಮ್, ಛತ್ರಿರಿಪೇರಿ ಡಾಟ್ ಕಾಮ್, ಹೀಗೆ. ಯಾವತ್ತಾದರೂ ಒಬ್ಬ ದಿಂಬಿನ ವ್ಯಾಪಾರಿಗೆ ಜ್ಞಾನೋದಯವಾಗಿ ಆ ಹೆಸರು ಕೇಳಿಕೊಂಡು ಬಾಗಿಲು ತಟ್ಟುತ್ತಾನೆಂದು ಅವನ ನಂಬಿಕೆ. ಒಂದೊಂದು ಹೆಸರಿನ ಪುಟದಲ್ಲೂ ‘ಈ ಹೆಸರು ಮಾರಾಟಕ್ಕಿದೆ’ ಎಂಬ ಒಂದೇ ಸಾಲು. ಎಷ್ಟು ಜನ ಬಂದು ನೋಡಿದರೆಂಬ ಲೆಕ್ಕ ಅವನ ಮೊಬೈಲಿಗೆ ಬರುತ್ತಿತ್ತು. ದಿನವೂ ಒಬ್ಬರು. ಆ ಒಬ್ಬರು ಅವನೇ.

ಅವತ್ತು ಮುತ್ತಿನಹಲ್ಲು ಡಾಟ್ ಕಾಮ್ ಎದುರಿಗೆ ನಲವತ್ತೆರಡು ಎಂದಿತ್ತು.

ಬೇರೆ ಯಾವ ಹೆಸರಿಗೆ ಹಾಗಾಗಿದ್ದರೂ ಹೆಂಡತಿಯನ್ನು ಕೂಗಿ ಕರೆದು ತೋರಿಸುತ್ತಿದ್ದ. ಇದನ್ನು ನೋಡಿ ಮೊಬೈಲನ್ನು ದಿಂಬಿನಡಿ ತೂರಿಸಿದ. ಚೀಟಿರಾಯ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವವನು. ಅಡ್ಡಹೆಸರು ಅಂಟಿಕೊಂಡದ್ದೂ ಅದರಿಂದಲೇ. ಹೋದ ವರ್ಷ ಡಾಕ್ಟರು ಫೋನಿನಲ್ಲಿ ಯಾರಿಗೋ, ತಾವು ಇನ್ನೊಂದು ಆಸ್ಪತ್ರೆ ತೆರೆದರೆ ‘ಮುತ್ತಿನಹಲ್ಲು’ ಎಂದೇ ಹೆಸರಿಡುವುದಾಗಿ ಹೇಳಿದ್ದು ಇವನ ಕಿವಿಗೆ ಬಿದ್ದಿತ್ತು. ಅವತ್ತು ಸಂಜೆಯೇ ಆ ಹೆಸರನ್ನು ಕೊಂಡುಬಿಟ್ಟಿದ್ದ. ಮುಂದೆ ಯಾರನ್ನಾದರೂ ಮುಂದಿಟ್ಟುಕೊಂಡು ಡಾಕ್ಟರಿಗೇ ಮಾರುವ ಹುನ್ನಾರ. ಅದು ಈಗ ಅವರಿಗೆ ಗೊತ್ತಾಗಿಬಿಟ್ಟಿತೇ?

ಆಸ್ಪತ್ರೆ ತಲುಪುವ ಹೊತ್ತಿಗೆ ಲೆಕ್ಕ ಅರವತ್ತು ದಾಟಿತ್ತು. ಡಾಕ್ಟರು ಎಂದಿಗಿಂತ ಮೊದಲೇ ಬಂದು, ಮುಖ ಗಂಟು ಹಾಕಿಕೊಂಡು ಮೊಬೈಲು ನೋಡುತ್ತಿದ್ದರು. ಇವನ ನಮಸ್ಕಾರಕ್ಕೆ ತಲೆಯೆತ್ತಲಿಲ್ಲ.

ಪಕ್ಕದ ಔಷಧದಂಗಡಿಯವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಚೀಟಿರಾಯ ಅವನ ಬಳಿ ಹೋಗಿ, ತನ್ನ ಸ್ನೇಹಿತನೊಬ್ಬ ಹೀಗೆ ಹೀಗೆ ಮಾಡಿದ್ದಾನೆ, ಏನಾಗಬಹುದೆಂದು ಸುತ್ತಿಬಳಸಿ ಕೇಳಿದ. ಅಂಗಡಿಯವನು ಮಾತ್ರೆ ಎಣಿಸುತ್ತಲೇ ವಿವರಿಸಿದ. ಇಷ್ಟು ಜನ ಒಮ್ಮೆಗೇ ನೋಡುತ್ತಿದ್ದಾರೆಂದರೆ ಗಿರಾಕಿಗಳಂತೂ ಅಲ್ಲ. ಮೊದಲು ವಕೀಲ ನೋಡುತ್ತಾನೆ, ಆಮೇಲೆ ಅವನ ಕೈಕೆಳಗಿನವರು, ಅದಾದ ಮೇಲೆ ಪೊಲೀಸರು.

“ಒಂದು ಬ್ಯಾಗಲ್ಲಿ ಬಟ್ಟೆ ತುಂಬಿಟ್ಕೊಂಡಿರೋಕೆ ಹೇಳಿ ನಿಮ್ಮ ಸ್ನೇಹಿತರಿಗೆ” ಎಂದು ಹೇಳಿ, ಇವನನ್ನು ದಿಟ್ಟಿಸಿ ನೋಡಿದ. “ಅವರಿಗೂ ನಿಮ್ಮ ಹಾಗೇ ಬೆವರುತ್ತಾ?”

ಚೀಟಿರಾಯ ತನ್ನ ಮೇಜಿಗೆ ಮರಳಿದ. ಹಲ್ಲು ಕಟ್ಟಿಸಲು ಬಂದ ಅಜ್ಜಿಯ ಚೀಟಿಯಲ್ಲಿ ತನ್ನ ಹೆಸರನ್ನೇ ಬರೆದುಕೊಟ್ಟ. ಅಜ್ಜಿ ಅದನ್ನೋದಿ, ಯಾವ ಗಂಡಸಿನ ಹಲ್ಲನ್ನು ತನಗೆ ಹಾಕುತ್ತಾರೋ ಎಂದು ನರ್ಸಿನೊಂದಿಗೆ ಜಗಳಕ್ಕೆ ನಿಂತಳು. ಆ ಗಲಾಟೆಯ ನಡುವೆಯೇ, ಅರ್ಧ ತೆರೆದ ಬಾಗಿಲಿನಿಂದ ಡಾಕ್ಟರು ಫೋನಿನಲ್ಲಿ ಆಡಿದ ಮಾತು ಕೇಳಿಸಿತು.

“ಎಷ್ಟು ದಿನ ಅಂತ ಮುಚ್ಚಿಟ್ಕೊಳ್ತಾನೆ? ಇವತ್ತು ಅವನ ಬಾಯಿ ಬಿಡಿಸ್ತೀನಿ.”

ಓಡಿಹೋಗಲು ಚೀಟಿರಾಯ ಎದ್ದ. ಅಷ್ಟರಲ್ಲಿ ನರ್ಸು ಬಂದು, ಡಾಕ್ಟರು ಕರೆಯುತ್ತಿದ್ದಾರೆ, ಒಳಗೆ ಬಂದು ಬಾಗಿಲು ಹಾಕಿಕೊಳ್ಳಬೇಕಂತೆ ಎಂದಳು.

ಡಾಕ್ಟರು ಅವನನ್ನು ರೋಗಿಗಳ ಕುರ್ಚಿಯ ಮೇಲೆ ಕೂರಿಸಿದರು. ಕುರ್ಚಿ ಹಿಂದಕ್ಕೆ ವಾಲಿತು. ಮುಖದ ಮೇಲೆ ದೀಪ ಬಿತ್ತು.

“ಎಷ್ಟು ದಿನದಿಂದ ಇದೆ?” ಎಂದು ಡಾಕ್ಟರು ಕೇಳಿದರು.

“ಹೋದ ವರ್ಷದಿಂದ, ಸಾರ್.”

“ನಾನು ಇಲ್ಲೇ ಇದ್ದೀನಿ, ನನಗೊಂದು ಮಾತು ಹೇಳದೆ ಇಟ್ಕೊಂಡಿದೀರಲ್ಲ.”

“ತಪ್ಪಾಯ್ತು, ಸಾರ್. ನಿಮಗೇ ಮಾರೋಣ ಅಂತಿದ್ದೆ.”

ಡಾಕ್ಟರ ಕೈಯಲ್ಲಿದ್ದ ಪುಟ್ಟ ಕನ್ನಡಿ ಅರ್ಧದಲ್ಲೇ ನಿಂತಿತು. “ಹಲ್ಲನ್ನಾ?”

“ಮುತ್ತಿನಹಲ್ಲನ್ನ, ಸಾರ್” ಎಂದು ಚೀಟಿರಾಯ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕಕ್ಕಿಬಿಟ್ಟ.

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇವನು ಬೆಳಗ್ಗೆಯಿಂದ ಬೆವರುತ್ತ ನಡುಗುತ್ತಿದ್ದಾನೆ, ಹಲ್ಲುನೋವಿರಬೇಕು ಎಂದು ನರ್ಸು ಹೇಳಿದ್ದಕ್ಕೆ ಅವರು ಕರೆಸಿದ್ದರು. ಫೋನಿನಲ್ಲಿ ಬೈದದ್ದು ಹುಳುಕು ಹಲ್ಲನ್ನು ಬಚ್ಚಿಡುತ್ತಿದ್ದ ಸ್ವಂತ ಮೊಮ್ಮಗನನ್ನು. ಆ ಹೆಸರನ್ನಂತೂ ಅವರು ಎಂದೋ ಮರೆತಿದ್ದರು. ಈಗ ಎರಡು ಸಲ ಬಾಯಲ್ಲಿ ಹೇಳಿ ನೋಡಿದರು. ಹಿಡಿಸಿತು.

“ನನ್ನ ಹೆಸರಿಗೆ ಮಾಡಿಕೊಡಿ. ಇಲ್ಲಿಗೇ ಮರೆತುಬಿಡೋಣ.”

ಚೀಟಿರಾಯ ಕುರ್ಚಿಯಲ್ಲಿ ಮಲಗಿದ್ದಂತೆಯೇ ಮೊಬೈಲಿನಲ್ಲಿ ಅಲ್ಲಿ ಇಲ್ಲಿ ಒತ್ತಿ ಹೆಸರನ್ನು ಡಾಕ್ಟರಿಗೆ ವರ್ಗಾಯಿಸಿದ. ಬಿಟ್ಟಿಯಾಗಿ. ಜೀವ ಉಳಿಯಿತಲ್ಲ ಎಂದುಕೊಂಡು ಸಂಜೆ ಹಗುರವಾಗಿ ಮನೆಗೆ ನಡೆದ. ಹಾಗಾದರೆ ಪುಟ ನೋಡಿದವರು ಯಾರು ಎಂಬ ಪ್ರಶ್ನೆ ಬಂದದ್ದು ಬಾಗಿಲ ಬಳಿ ಚಪ್ಪಲಿ ಬಿಡುವಾಗ.

ಹೆಂಡತಿ ಹೊರಗೇ ಕಾದಿದ್ದಳು. ದಿನಾ ಬೆಳಗ್ಗೆ ಅವನ ಜೋಲುಮುಖ ನೋಡಲಾರದೆ, ಹಿಂದಿನ ದಿನ ತನ್ನ ಅಕ್ಕಂದಿರಿಗೆ, ಚಿಕ್ಕಮ್ಮನ ಮನೆಯವರಿಗೆ ಹೇಳಿ ಆ ಪುಟವನ್ನು ನೋಡಿಸಿದವಳು ಅವಳೇ ಆಗಿದ್ದಳು. ನೋಡಿದವರು ತಮ್ಮ ಕಡೆಯವರಿಗೂ ಹೇಳಿದ್ದರು. ಹಾಗೆ ನೋಡಿದವರಲ್ಲಿ ಚಿಕ್ಕಮ್ಮನ ಅಳಿಯನೂ ಒಬ್ಬ. ಅವನದು ಹಲ್ಲುಪುಡಿಯ ಕಾರ್ಖಾನೆ.

“ಬೆಳಗ್ಗೆ ಫೋನ್ ಮಾಡಿ, ಆ ಹೆಸರು ತನಗೆ ಬೇಕೇ ಬೇಕು ಅಂದ” ಎಂದು ಹೆಂಡತಿ ಪಿಸುಗುಟ್ಟಿದಳು. “ನಿಮಗೆ ಖುಷಿಯಾಗಲಿ ಅಂತ ನಾನೇ ಮಾತು ಕೊಟ್ಟೆ. ಒಳಗೆ ಕೂತಿದಾನೆ.”

ಒಳಗೆ ಧಡೂತಿ ಆಸಾಮಿಯೊಬ್ಬ ಎದ್ದು ನಿಂತು ಕೈಮುಗಿದ. ಮೇಜಿನ ಮೇಲೆ ಹೊಸ ಡಬ್ಬಿಯೊಂದಿತ್ತು. ಅದರ ಮೇಲೆ ‘ಮುತ್ತಿನಹಲ್ಲು’ ಎಂದು ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು.

“ಇದು ಬರೀ ಮಾದರಿ, ಭಾವ. ಲಾರಿ ತುಂಬ ಡಬ್ಬಿ ಅಚ್ಚಿಗೆ ಹೋಗಿದೆ” ಎಂದು ಅವನು ಕೂತ. “ಎಲ್ಲಿ ಸೈನ್ ಹಾಕ್ಬೇಕು, ಹೇಳಿ.”