ಮುಖ ಬರೆಯದ ಮಾವ

ನಮ್ಮ ಮಾವನಷ್ಟು ದೊಡ್ಡ ಚಿತ್ರಕಾರ ಬಳ್ಳಾರಿಯಲ್ಲಿ ಇನ್ನೊಬ್ಬನಿಲ್ಲ. ಆದರೆ ಅವನ ಕೈಯಿಂದ ಒಂದು ಮುಖ ಬರೆಸಿಕೊಂಡ ಗಿರಾಕಿಯೂ ಬಳ್ಳಾರಿಯಲ್ಲಿಲ್ಲ! ಆನೆ ಬರೆಯುತ್ತಾನೆ, ಅಂಬಾರಿ ಬರೆಯುತ್ತಾನೆ, ಅಂಬಾರಿಯಲ್ಲಿ ಕೂತ ರಾಜನ ಉಂಗುರದ ಹರಳನ್ನೂ ಬರೆಯುತ್ತಾನೆ. ರಾಜನ ಕುತ್ತಿಗೆಯ ಹತ್ತಿರ ಬಂದಾಗ ಮಾತ್ರ ಕುಂಚ ತೊಳೆದಿಟ್ಟು ಚಹಾ ಕುಡಿಯಲು ಎದ್ದು ಹೋಗುತ್ತಾನೆ. ಹೀಗೂ ಒಬ್ಬ ಮನುಷ್ಯ ಇರುತ್ತಾನೆಯೇ ಎಂದು ಕೇಳಬೇಡಿ. ಇದ್ದಾನೆ, ನನ್ನ ತಾಯಿಯ ಸ್ವಂತ ತಮ್ಮ.

ಇದಕ್ಕೆಲ್ಲ ಮೂಲ ಅವನ ಹಳೆಯ ಸ್ಟುಡಿಯೊ. ಸ್ಟುಡಿಯೊ ಎಂದೊಡನೆ ಏನೇನೋ ಕಲ್ಪಿಸಿಕೊಳ್ಳಬೇಡಿ. ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯ ಮೇಲಿನ ತಗಡಿನ ಕೋಣೆ ಅದು. ಹರೆಯದಲ್ಲಿ ಮಾವ ಮತ್ತು ಅವನ ಗೆಳೆಯ ಅಲ್ಲಿ ಬೆವರು ಸುರಿಸುತ್ತ ಕೂತು ಮಕ್ಕಳ ಪತ್ರಿಕೆಗಳಿಗೆ ಚಿತ್ರಕಥೆ ಬರೆಯುತ್ತಿದ್ದರು. ಕೆಳಗೆ ಒಬ್ಬ ಕಾಲು ಹೊಲಿದರೆ ಇನ್ನೊಬ್ಬ ಜೇಬು ಹೊಲಿಯುತ್ತಿದ್ದ. ಅದನ್ನು ನೋಡಿ ಮೇಲಿನವರೂ ಕೆಲಸ ಹಂಚಿಕೊಂಡರು. ಮೈ, ಕುದುರೆ, ಕೋಟೆ ಎಲ್ಲ ಮಾವನದು, ಮುಖ ಗೆಳೆಯನದು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಒಮ್ಮೆ ಗೆಳೆಯ ಮದುವೆಗೆಂದು ಊರಿಗೆ ಹೋದಾಗಲೇ ಚಿತ್ರಗಳನ್ನು ಕಳಿಸುವ ದಿನ ಬಂತು. ಮಾವ ಏನು ಮಾಡಿದ ಗೊತ್ತೆ? ಕಥೆಯ ನಾಯಕನನ್ನು ಕೊನೆಯ ಪುಟದವರೆಗೂ ಬೆನ್ನು ತೋರಿಸಿಯೇ ಕಾದಾಡಿಸಿದ! ಓದುವ ಮಕ್ಕಳು ಇದರಲ್ಲೇನೋ ರಹಸ್ಯವಿದೆ ಎಂದುಕೊಂಡು ಮುಂದಿನ ಸಂಚಿಕೆಗೆ ಕಾದು ಕೂತರಂತೆ.

ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. ಗೆಳೆಯ ಕುರುಗೋಡಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದ. ಮಾವ ಗೋಡೆ, ಬೋರ್ಡು ಬರೆಯುವ ಪೇಂಟರ್ ಆದ. ಸ್ಟುಡಿಯೊ ಹೋಯಿತು, ಅದರ ಕಾಯಿದೆ ಮಾತ್ರ ಹೋಗಲಿಲ್ಲ. ಸಿರುಗುಪ್ಪದ ರೈಸ್ ಮಿಲ್ಲಿನ ಗೋಡೆಗೆ ಭತ್ತ ತೂರುವ ರೈತನನ್ನು ಬರೆದ. ಒಂದೊಂದು ಕಾಳೂ ಎದ್ದು ಕಾಣುತ್ತಿತ್ತು. ರುಮಾಲಿನ ಕೆಳಗೆ ಮಾತ್ರ ಬರೀ ಸುಣ್ಣ. ಮಿಲ್ಲಿನ ಸಾಹುಕಾರರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೂಗಾಡಿದರು. ಮಾವ ಅಂಜಿದನೆ? "ಐತಾರ ನಮ್ಮ ಮುಖದವ ಬರ್ತಾನ, ಅಲ್ಲೀತನಕ ತಡೀರಿ," ಎಂದು ಏಣಿ ಹೆಗಲಿಗೇರಿಸಿ ನಡೆದ. ಭಾನುವಾರ ಮೇಷ್ಟ್ರು ಬಸ್ಸು ಹತ್ತಿ ಬಂದರು, ಮುಖ ಬರೆದರು. ನೋಡಿದರೆ ಅದು ಥೇಟ್ ಸಾಹುಕಾರರದೇ! ಹಮಾಲರೆಲ್ಲ ಮರೆಯಲ್ಲಿ ನಿಂತು ನಕ್ಕರು. ಸಾಹುಕಾರರು ಮಾತ್ರ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಮಾವನಿಗೆ ಮುಖ ಬರೆಯಲು ಬರುವುದೇ ಇಲ್ಲ ಎಂದು ಊರವರು ತೀರ್ಮಾನಿಸಿಬಿಟ್ಟಿದ್ದಾರೆ. ಶುದ್ಧ ಸುಳ್ಳು! ತೆಕ್ಕಲಕೋಟೆಗೆ ಹೆಣ್ಣು ನೋಡಲು ಹೋಗಿಬಂದವನು ಬರೀ ನೆನಪಿನಿಂದಲೇ ಅತ್ತೆಯ ಮುಖ ಬರೆದು ಕಳಿಸಿದ್ದನಂತೆ. ಅಡುಗೆಮನೆಯ ಗೋಡೆಯ ಮೇಲೆ ಅದು ಇವತ್ತಿಗೂ ಇದೆ. ಒಗ್ಗರಣೆಯ ಹೊಗೆ ಹಿಡಿದರೂ ಮೂಗುಬೊಟ್ಟು ಹೊಳೆಯುತ್ತದೆ. "ಬರಿಯಾಕ ಬರ್ತೈತಿ, ಬರಿಯಂಗಿಲ್ಲ, ಅಷ್ಟ. ಹಠ," ಎನ್ನುತ್ತಾಳೆ ಅತ್ತೆ.

ಹೋದ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಅದೇ ಹೊತ್ತಿಗೆ ಬೆಂಗಳೂರಿನ ಪ್ರಕಾಶಕರೊಬ್ಬರು ಆ ಹಳೆಯ ಚಿತ್ರಕಥೆಗಳ ನಾಯಕನದೇ ಹೊಸ ಪುಸ್ತಕ ಬೇಕೆಂದು ಕೇಳಿದರು. ಮಾವ ಮನೆಗೆ ಹಬ್ಬ ಬಂದಂತೆ ಪುಟಗಟ್ಟಲೆ ಬರೆದ. ಕಾಡು, ಕುದುರೆ, ಕತ್ತಿ ಎಲ್ಲ ತಯಾರು. ಕುತ್ತಿಗೆಗಳ ಮೇಲೆ ಮಾತ್ರ ಖಾಲಿ. ಮುಖಗಳನ್ನು ನೀವೇ ಬರೆಯಿರಿ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ನಾವೇ ಕೂಡಿಸಿಕೊಳ್ಳುತ್ತೇವೆ ಎಂದರು ಪ್ರಕಾಶಕರು. ಪುಸ್ತಕದ ಮೇಲೆ ಒಮ್ಮೆಯಾದರೂ ತನ್ನ ಹೆಸರು ನೋಡಬೇಕೆಂಬುದು ಮಾವನ ಜೀವಮಾನದ ಆಸೆ. ಈ ವಯಸ್ಸಿನಲ್ಲಿ ಇನ್ನೊಬ್ಬರು ಬಂದು ಕೇಳುವುದಿಲ್ಲ ಎಂದು ಮನೆಯವರೆಲ್ಲ ಬುದ್ಧಿ ಹೇಳಿದೆವು. ಮಾವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅವ ಇನ್ನಾ ಅದಾನ್ರಿ. ಅವ ಇರೂತನಕ ಮುಖ ಅವಂದ. ಅದು ಒಪ್ಪಿಗಿ ಇಲ್ಲಂದ್ರ ಪುಸ್ತಕಾನ ಬ್ಯಾಡ." ಫೋನಿಟ್ಟು ವಗ್ಗಾಣಿ-ಮಿರ್ಚಿ ತಿನ್ನಲು ಹೋದ! ಇಂಥವನಿಗೆ ಏನೆನ್ನಬೇಕು? ಪುಸ್ತಕ ಕೈತಪ್ಪಿತು ಎಂದು ನಾವು ಸುಮ್ಮನಾದೆವು.

ಮಾವ ಸುಮ್ಮನಾಗಲಿಲ್ಲ. ಒಂದು ಬೆಳಿಗ್ಗೆ ಪುಟಗಳ ಕಟ್ಟನ್ನು ಎದೆಗವಚಿಕೊಂಡು ನನ್ನ ಬೈಕಿನ ಹಿಂದೆ ಏರಿ, ಕುರುಗೋಡಿಗೆ ನಡೆ ಎಂದ. ಮೇಷ್ಟ್ರು ಪಡಸಾಲೆಯ ಮಂಚದಲ್ಲಿ ಗೋಡೆಗೊರಗಿ ಕೂತಿದ್ದರು. ಮಾವ ಅವರ ತೊಡೆಯ ಮೇಲೆ ಹಲಗೆಯಿಟ್ಟು, ಪುಟ ಹಾಸಿ, ಎಡಗೈಗೆ ಪೆನ್ಸಿಲ್ ಕೊಟ್ಟ. ಮೇಷ್ಟ್ರು ಅದನ್ನು ಪಕ್ಕಕ್ಕೆ ತಳ್ಳಿದರು.

"ನೀನ ಬರಿ ಲೇ," ಎಂದರು ತೊದಲುತ್ತ. "ನನ್ನ ಕೈ ಮುಗೀತು."

"ಮುಗದಿದ್ದು ಬಲಗೈ. ಎಡಗೈಗೆ ಏನಾಗೇತಿ? ನಿನ್ನ ಪಾಲಿಂದು ನೀನ ಬರಿ, ಕೆಟ್ರ ಕೆಡಲಿ."

ಮಾವ ಗದರಿದ ದನಿಗೆ ಮೇಷ್ಟ್ರ ಹೆಂಡತಿ ಒಳಗಿನಿಂದ ಓಡಿ ಬಂದರು. ರೋಗಿಯ ಮುಂದೆ ಹೀಗೆ ಯಾರಾದರೂ ಕಿರುಚುತ್ತಾರೆಯೇ! ನನಗೂ ಸಿಟ್ಟು ಬಂತು. ಆದರೆ ಮೇಷ್ಟ್ರ ಕಣ್ಣು ಪುಟದ ಮೇಲೆಯೇ ಇತ್ತು. ಆಮೇಲೆ ಎಡಗೈ ಮೆಲ್ಲಗೆ ಪೆನ್ಸಿಲ್ ಹುಡುಕಿತು. ಪುಟ ಜಾರದಂತೆ ಮಾವ ಎರಡೂ ಅಂಗೈಗಳಿಂದ ಒತ್ತಿ ಹಿಡಿದ. ನಾಯಕನ ಒಂದು ಕಣ್ಣು ಮೇಲೆ ಹೋಯಿತು, ಇನ್ನೊಂದು ಕೆಳಗೆ. ಬಾಯಿ ಕಿವಿಯ ಕಡೆಗೆ ವಾಲಿತು. ಲೋಕ ಗೆಲ್ಲಬೇಕಾದ ನಾಯಕ ಹಲ್ಲುನೋವಿನವನಂತೆ ಕಂಡ. ಇಂಥದ್ದನ್ನು ಯಾರು ಅಚ್ಚು ಹಾಕಿಸುತ್ತಾರೆ? ನಗು ಬರಬೇಕಿತ್ತು, ಬರಲಿಲ್ಲ.

ಮಾವ ಆ ಮುಖವನ್ನು ಹತ್ತಿರ ಹಿಡಿದು ನೋಡಿದ. ಪುಟವನ್ನು ಜೋಪಾನವಾಗಿ ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಗೆಳೆಯನ ಗದ್ದದ ಮೇಲೆ ಇಳಿಯುತ್ತಿದ್ದ ಜೊಲ್ಲನ್ನು ಒರೆಸಿದ.

"ಮೀಸಿ ಬರಿಯೂದು ಮರ್ತೀಯಲ್ಲಲೇ," ಎಂದ. "ಇರಲಿ, ನಾಳಿ ಬರಿ. ನಾ ಮತ್ತ ಬರ್ತೀನಿ."